ಕೌನ್ಸಿಲ್ ದಿವಾಳಿಯಾದ ಮೇಲೆ ಕತ್ತರಿ ಹಿಡಿದರೆ ತಡವಾಯಿತು

ಲಂಡನ್ನಿನ ನೈಋತ್ಯಕ್ಕೆ, ಸರ್ರೆ ಕೌಂಟಿಯಲ್ಲಿರುವ ವೋಕಿಂಗ್ ಸುಮಾರು ಒಂದು ಲಕ್ಷ ಜನರ ಊರು. 2023ರ ಜೂನ್ 7ರಂದು ಅಲ್ಲಿನ ಕೌನ್ಸಿಲ್, ಎಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ ಸಂಸ್ಥೆ, ತನ್ನ ಖರ್ಚಿಗೆ ಸಾಕಾಗುವಷ್ಟು ಹಣವಿಲ್ಲವೆಂದು ಕಾನೂನಿನ ಪ್ರಕಾರ ಘೋಷಿಸಿತು. ಆ ವರ್ಷ ಅದರ ಕೈಯಲ್ಲಿದ್ದ ಬಜೆಟ್ 1.6 ಕೋಟಿ ಪೌಂಡ್. ತಲೆಯ ಮೇಲಿದ್ದ ಸಾಲ 180 ಕೋಟಿ ಪೌಂಡ್. ಪೇಟೆಯ ನಡುವೆ ಎತ್ತರದ ಗೋಪುರಗಳು, ಹೋಟೆಲು, ಅಂಗಡಿ ಸಾಲು ಕಟ್ಟಿಸಲು ಮಾಡಿದ ಸಾಲ ಅದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರಲ್ಲಿ 50 ಕೋಟಿ ಪೌಂಡ್ ತಾನೇ ತೀರಿಸುವುದಾಗಿ ಹೇಳಿತು. ಎಂದರೆ ವೋಕಿಂಗ್ ಎಲ್ಲಿದೆ ಎಂದು ಗೊತ್ತಿಲ್ಲದ ತೆರಿಗೆದಾರನೂ ಆ ಗೋಪುರಗಳಿಗೆ ದುಡ್ಡು ಕೊಡುತ್ತಾನೆ.

ಸಾಲ ಬೆಳೆದ ಕಾಲದಲ್ಲಿ ಅಲ್ಲಿ ಅಧಿಕಾರ ನಡೆಸಿದ್ದು ಕನ್ಸರ್ವೇಟಿವ್ ಪಕ್ಷ. ಸಾರ್ವಜನಿಕ ಖರ್ಚಿಗೆ ಮಿತಿ ಇರಬೇಕು ಎಂದು ವಾದಿಸುವ ನಾವು ಈ ಮಾತನ್ನು ಮೊದಲು ನಾವೇ ಹೇಳಬೇಕು. ಹೇಳದಿದ್ದರೆ ನಮ್ಮ ಉಳಿದ ವಾದಕ್ಕೆ ಬೆಲೆಯಿಲ್ಲ. ಮಿತವ್ಯಯ ಪಕ್ಷದ ಹೆಸರಿನಿಂದ ಬರುವುದಿಲ್ಲ. ಬಜೆಟ್ಟಿನ ಯಾವ ಪುಟವನ್ನು ತೆರೆದು ನೋಡುತ್ತೇವೆ ಎಂಬುದರಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಕಳೆದ ಹದಿನೈದು ವರ್ಷಗಳ ಖರ್ಚು ಕಡಿತದ ಜಗಳ ನಡೆದಿರುವುದು ಹೆಚ್ಚಾಗಿ ತಪ್ಪು ಪುಟದ ಮೇಲೆ.

ತೆರಿಗೆಯಿಂದಲೇ ಶುರು ಮಾಡೋಣ. ಕೌನ್ಸಿಲ್ ಟ್ಯಾಕ್ಸ್ ನಮ್ಮ ಊರುಗಳ ಮನೆ ಕಂದಾಯವನ್ನು ಹೋಲುತ್ತದೆ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕರ್ನಾಟಕದಲ್ಲಿ ಕಂದಾಯ ಕಟ್ಟುವವರು ಮನೆ ಮಾಲೀಕರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸವಿರುವವರೇ ಕಟ್ಟಬೇಕು, ಬಾಡಿಗೆದಾರರಾದರೂ ಸರಿ. ಬೆಂಗಳೂರಿನಿಂದ ಕೆಲಸಕ್ಕೆಂದು ಹೋಗಿ ಸ್ಲೌನಲ್ಲೋ ಕ್ರಾಯ್ಡನ್‌ನಲ್ಲೋ ಬಾಡಿಗೆಗೆ ಇಳಿದ ಕುಟುಂಬಕ್ಕೆ ಮೊದಲ ಬಿಲ್ಲು ಬಂದಾಗ ಇದು ಗೊತ್ತಾಗುತ್ತದೆ. ಮನೆಗಳನ್ನು ಎ ಯಿಂದ ಎಚ್ ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಆ ವಿಂಗಡಣೆ ಇಂದಿಗೂ 1991ರ ಏಪ್ರಿಲ್ 1ರ ಬೆಲೆಯ ಮೇಲೆಯೇ ನಿಂತಿದೆ. ಎಚ್ ದರ್ಜೆಯ ಮನೆ ಡಿ ದರ್ಜೆಯ ಎರಡು ಪಟ್ಟು ಕಟ್ಟುತ್ತದೆ, ಎ ದರ್ಜೆಯದು ಮೂರರಲ್ಲಿ ಎರಡು ಪಾಲು. 2025–26ರಲ್ಲಿ ಡಿ ದರ್ಜೆಯ ಸರಾಸರಿ ಬಿಲ್ಲು 2,280 ಪೌಂಡ್.

ಈ ತೆರಿಗೆಯನ್ನು ಕೌನ್ಸಿಲ್ ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಸರ್ಕಾರ ಪ್ರತಿ ವರ್ಷ ಒಂದು ಮಿತಿ ಹಾಕುತ್ತದೆ. ಅದನ್ನು ದಾಟಬೇಕಾದರೆ ಜನಮತಗಣನೆ ನಡೆಸಬೇಕು. ವೃದ್ಧರ, ಅಂಗವಿಕಲರ ಆರೈಕೆಯ ಹೊಣೆಯಿರುವ ಕೌನ್ಸಿಲ್‌ಗಳಿಗೆ 2023–24ರಿಂದ ಈ ಮಿತಿ ಸಾಮಾನ್ಯ ಏರಿಕೆಗೆ 3 ಮತ್ತು ಆರೈಕೆಗೆಂದೇ 2, ಒಟ್ಟು ಶೇಕಡ 5. ಹಾಗಾಗಿ ಬಹುತೇಕ ಬಿಲ್ಲುಗಳಲ್ಲಿ 4.99 ಎಂಬ ಅಂಕಿ ಕಾಣುತ್ತದೆ. ಕಾಯ್ದೆ ಬಂದ ಮೇಲೆ ನಿಜವಾಗಿ ನಡೆದ ಜನಮತಗಣನೆ ಒಂದೇ. 2015ರ ಮೇ 7ರಂದು ಬೆಡ್‌ಫರ್ಡ್‌ಶೈರ್‌ನಲ್ಲಿ ಪೊಲೀಸ್ ಪಾಲಿನ ತೆರಿಗೆಯನ್ನು ಶೇಕಡ 15.8ರಷ್ಟು ಏರಿಸಬಹುದೇ ಎಂದು ಕೇಳಿದರು. ಜನ ಬೇಡವೆಂದರು. ಕಟ್ಟುವವನನ್ನು ಕೇಳಿದರೆ ಏನು ಉತ್ತರ ಬರುತ್ತದೆ ಎಂಬುದು ಅಂದಿನಿಂದ ಎಲ್ಲ ಕೌನ್ಸಿಲ್ ನಾಯಕರಿಗೂ ಗೊತ್ತು. ಈ ಮಿತಿ ಉಳಿಯಲೇಬೇಕು ಎಂಬುದು ನನ್ನ ಖಚಿತ ನಿಲುವು. ಒಂದು ಕಿಂಡಿ ಮಾತ್ರ ಇನ್ನೂ ತೆರೆದಿದೆ: ಪ್ಯಾರಿಷ್ ಕೌನ್ಸಿಲ್‌ಗಳಿಗೆ, ಎಂದರೆ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಕೌನ್ಸಿಲ್‌ಗಳಿಗೆ, ಇಲ್ಲಿಯವರೆಗೆ ಮಿತಿ ಹಾಕಿಲ್ಲ. ಅವುಗಳ ಪಾಲು ಬಿಲ್ಲಿನಲ್ಲಿ ಚಿಕ್ಕದಾಗಿರುವುದರಿಂದ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಗ್ಲೆಂಡಿನ ಕೌನ್ಸಿಲ್ ದಿನನಿತ್ಯದ ಖರ್ಚಿಗೆ ಸಾಲ ಮಾಡುವಂತಿಲ್ಲ. ಪ್ರತಿ ವರ್ಷ ಮಾರ್ಚ್ 11ರೊಳಗೆ ಆದಾಯ ಮತ್ತು ಖರ್ಚು ಸರಿಹೊಂದುವ ಬಜೆಟ್ ಅಂಗೀಕರಿಸಬೇಕು. ಮತದಾನಕ್ಕೆ ಮುನ್ನ ಮುಖ್ಯ ಹಣಕಾಸು ಅಧಿಕಾರಿ ಎರಡು ವಿಷಯಗಳ ಬಗ್ಗೆ ಲಿಖಿತ ವರದಿ ಕೊಡಬೇಕು: ಅಂದಾಜುಗಳು ಗಟ್ಟಿಯಾಗಿವೆಯೇ, ಮೀಸಲು ನಿಧಿ ಸಾಕೇ. ಎರಡು ತಿಂಗಳ ಕೌನ್ಸಿಲ್ ಟ್ಯಾಕ್ಸ್ ಬಾಕಿ ಇಟ್ಟುಕೊಂಡ ಸದಸ್ಯ ಬಜೆಟ್ಟಿಗೆ ಮತ ಹಾಕಿದರೆ ಅದು ಅಪರಾಧ. ವರ್ಷದ ನಡುವೆ ಖರ್ಚು ಆದಾಯವನ್ನು ಮೀರುತ್ತದೆ ಎಂದು ಕಂಡರೆ ಅದೇ ಅಧಿಕಾರಿ 1988ರ ಸ್ಥಳೀಯ ಆಡಳಿತ ಹಣಕಾಸು ಕಾಯ್ದೆಯ ಸೆಕ್ಷನ್ 114ರ ಅಡಿ ನೋಟಿಸ್ ಹೊರಡಿಸಬೇಕು. ನಾಯಕರ ಒಪ್ಪಿಗೆ ಬೇಕಿಲ್ಲ.

ನೋಟಿಸ್ ಹೊರಟ ಗಳಿಗೆಯಿಂದ ಹೊಸ ಖರ್ಚಿನ ಒಪ್ಪಂದಗಳೆಲ್ಲ ನಿಲ್ಲುತ್ತವೆ. 21 ದಿನದೊಳಗೆ ಪೂರ್ಣ ಸಭೆ ಸೇರಿ ದಾರಿ ಹುಡುಕಬೇಕು. ಸಂಬಳ, ಹಳೆಯ ಗುತ್ತಿಗೆಗಳು, ಮಕ್ಕಳ ರಕ್ಷಣೆಯಂಥ ಕಾನೂನುಬದ್ಧ ಸೇವೆಗಳು ನಡೆಯುತ್ತವೆ. ಪತ್ರಿಕೆಗಳು ಇದನ್ನು ದಿವಾಳಿ ಎನ್ನುತ್ತವೆ, ಈ ಲೇಖನದ ತಲೆಬರಹವೂ ಹಾಗೆಯೇ ಹೇಳುತ್ತದೆ. ಆದರೆ ಕಾನೂನಿನಲ್ಲಿ ಕೌನ್ಸಿಲ್‌ಗೆ ದಿವಾಳಿ ಎಂಬುದಿಲ್ಲ. ಕಂಪನಿ ಮುಳುಗಿದರೆ ಸಾಲ ಕೊಟ್ಟವನು ಕಳೆದುಕೊಳ್ಳುತ್ತಾನೆ. ಕೌನ್ಸಿಲ್ ಮುಳುಗಿದರೆ ಸಾಲ ಕೊಟ್ಟವನಿಗೆ ಪೂರ್ತಿ ಸಿಗುತ್ತದೆ, ಕಳೆದುಕೊಳ್ಳುವವನು ತೆರಿಗೆ ಕಟ್ಟುವವನು. ನೋಟಿಸಿನ ನಂತರ ಸರ್ಕಾರ ಸಾಮಾನ್ಯವಾಗಿ ಉಸ್ತುವಾರಿಗೆ ಕಮಿಷನರ್‌ಗಳನ್ನು ಕಳಿಸುತ್ತದೆ, ಕೆಲವೊಮ್ಮೆ ಮಿತಿ ಮೀರಿ ತೆರಿಗೆ ಏರಿಸಲು ಅನುಮತಿ ಕೊಡುತ್ತದೆ. 2023–24ರಲ್ಲಿ ಕ್ರಾಯ್ಡನ್ ಸುಮಾರು ಶೇಕಡ 15ರಷ್ಟು ಏರಿಸಿತು, ಸ್ಲೌ ಮತ್ತು ಥರ್ರಾಕ್ 9.99. ಬರ್ಮಿಂಗ್‌ಹ್ಯಾಮ್ 2024–25ರಲ್ಲಿ 9.99 ಏರಿಸಿ ಮರುವರ್ಷ ಅದರ ಮೇಲೆ ಸುಮಾರು 7.5 ಸೇರಿಸಿತು. ಹಿಂದಿನವರು ಮಾಡಿದ ತಪ್ಪಿಗೆ ಅದೇ ಊರಿನ ಬಾಡಿಗೆದಾರ ಹೆಚ್ಚು ಕಟ್ಟಿ, ಕಡಿಮೆ ಸೇವೆ ಪಡೆಯುತ್ತಾನೆ.

ನೋಟಿಸ್ ತಪ್ಪಿಸಲು ಇನ್ನೊಂದು ದಾರಿ ಈಗ ರೂಢಿಯಾಗಿದೆ. ಆಸ್ತಿ ಮಾರಿದ ಹಣವನ್ನೋ ಹೊಸ ಸಾಲವನ್ನೋ ದಿನನಿತ್ಯದ ಖರ್ಚಿಗೆ ಬಳಸಲು ಸರ್ಕಾರ ವಿಶೇಷ ಅನುಮತಿ ಕೊಡುತ್ತದೆ. 2024–25ಕ್ಕೆ 19 ಕೌನ್ಸಿಲ್‌ಗಳಿಗೆ ಈ ಅನುಮತಿ ಸಿಕ್ಕಿತು, 2025–26ಕ್ಕೆ 30ಕ್ಕೆ. ಇದನ್ನು ‘ನೆರವು’ ಎಂದು ಕರೆಯುವುದೇ ತಪ್ಪು. ಇದು ಅನುದಾನವಲ್ಲ, ಹಿಟ್ಟು ಬೀಸಿ ತಿನ್ನಲು ಬೀಸುವ ಕಲ್ಲನ್ನೇ ಮಾರುವ ಪರವಾನಗಿ.

ಈಗ ಖರ್ಚಿನ ಪುಟಕ್ಕೆ ಬರೋಣ. ಬೀದಿದೀಪ, ಕಸ, ಗ್ರಂಥಾಲಯ, ಉದ್ಯಾನ: ಜನರ ಕಣ್ಣಿಗೆ ಕೌನ್ಸಿಲ್ ಎಂದರೆ ಇಷ್ಟೇ. ಆದರೆ ಆರೈಕೆಯ ಹೊಣೆಯಿರುವ ಕೌನ್ಸಿಲ್‌ಗಳಲ್ಲಿ ನಿವ್ವಳ ಖರ್ಚಿನ ಮೂರನೇ ಎರಡು ಭಾಗ, ಕೆಲವೆಡೆ ಅದಕ್ಕೂ ಹೆಚ್ಚು, ಹೋಗುವುದು ವಯಸ್ಕರ ಮತ್ತು ಮಕ್ಕಳ ಆರೈಕೆಗೆ. ಇದು 1989ರ ಮಕ್ಕಳ ಕಾಯ್ದೆ, 2014ರ ಆರೈಕೆ ಕಾಯ್ದೆಗಳು ಹೊರಿಸಿದ ಕರ್ತವ್ಯ. ಅರ್ಹತೆ ಇರುವವರಿಗೆ ಹಣವಿಲ್ಲ ಎಂದು ಹೇಳಿ ಕಳಿಸುವಂತಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಒಟ್ಟು ಬಜೆಟ್ 100 ಪೌಂಡ್ ಎಂದಿಟ್ಟುಕೊಳ್ಳೋಣ. 68 ಆರೈಕೆಗೆ, 20 ಕಸ ವಿಲೇವಾರಿ, ಸಾಲದ ಕಂತು, ದೀರ್ಘಾವಧಿ ಗುತ್ತಿಗೆಗಳಿಗೆ. ಉಳಿದದ್ದು 12. ಈ ವರ್ಷ 5 ಪೌಂಡ್ ಉಳಿಸಬೇಕು, ಆರೈಕೆಯನ್ನು ಮುಟ್ಟುವ ಧೈರ್ಯವಿಲ್ಲ, ಗುತ್ತಿಗೆ ಬದಲಿಸಲಾಗದು. ಆಗ ಆ 5 ಪೂರ್ತಿ 12ರಿಂದಲೇ ಬರಬೇಕು. ಒಟ್ಟು ಬಜೆಟ್ಟಿನ ಶೇಕಡ 5ರ ಕಡಿತ ಗ್ರಂಥಾಲಯ, ರಸ್ತೆ, ಉದ್ಯಾನಗಳ ಪಾಲಿಗೆ ಶೇಕಡ 42ರ ಕಡಿತವಾಗುತ್ತದೆ. ಆರೈಕೆಯ ವೆಚ್ಚ ಮರುವರ್ಷ ಶೇಕಡ 7 ಏರಿದರೆ 4.76 ಪೌಂಡ್ ಹೊಸ ಖರ್ಚು. ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಉಳಿಸಿದ್ದೆಲ್ಲ ಒಂದೇ ವರ್ಷದಲ್ಲಿ ಕರಗುತ್ತದೆ.

2010ರ ನಂತರ ಆದದ್ದು ಇದೇ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಪ್ರಕಾರ 2010–11ರಿಂದ 2017–18ರ ನಡುವೆ ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಬರುವ ಹಣ, ಹಣದುಬ್ಬರ ಕಳೆದು ನೋಡಿದರೆ, ಶೇಕಡ 49.1ರಷ್ಟು ಇಳಿಯಿತು. ತೆರಿಗೆ ಸೇರಿಸಿದ ಒಟ್ಟು ಖರ್ಚಿನ ಶಕ್ತಿ ಇಳಿದದ್ದು 28.6. ರಾಷ್ಟ್ರದ ಕೊರತೆ ತಗ್ಗಿಸಬೇಕಿತ್ತು, ಕಡಿತ ಅನಿವಾರ್ಯವಿತ್ತು ಎಂದು ಇಂದೂ ನಂಬುತ್ತೇನೆ. ಆದರೆ ಹಣ ಕಡಿಮೆ ಮಾಡಿದ ಸಂಸತ್ತು ಕರ್ತವ್ಯಗಳ ಪಟ್ಟಿಯನ್ನು ಕಡಿಮೆ ಮಾಡಲಿಲ್ಲ, ಬೆಳೆಸಿತು. ಮನೆಯ ಆದಾಯ ಇಳಿದಾಗ ಯಾವ ಖರ್ಚು ಬಿಡಬೇಕು ಎಂದು ಕೂತು ಮಾತಾಡದೆ ಎಲ್ಲ ಡಬ್ಬಿಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದಂತೆ ಆಯಿತು. ಇದು ನಮ್ಮ ಕಡೆಯವರ ದೊಡ್ಡ ಲೋಪ.

ಕೌನ್ಸಿಲ್‌ಗಳು ಹಳಿ ತಪ್ಪಿದ ಬಗೆಗಳು ಬೇರೆ ಬೇರೆ. ನಾರ್ಥಾಂಪ್ಟನ್‌ಶೈರ್ ಕೌಂಟಿಯದು ಕಣ್ಣುಮುಚ್ಚಿಕೊಂಡ ಬಗೆ. ವರ್ಷಗಟ್ಟಲೆ ತೆರಿಗೆ ಏರಿಸದೆ, ಅದಕ್ಕೆ ತಕ್ಕಂತೆ ಖರ್ಚನ್ನೂ ಇಳಿಸದೆ, ಮೀಸಲು ನಿಧಿ ಕರಗಿಸಿದರು. 2017ರಲ್ಲಿ 5.3 ಕೋಟಿ ಪೌಂಡಿನ ಹೊಸ ಕೇಂದ್ರ ಕಚೇರಿ ತೆರೆದರು. 2018ರ ಫೆಬ್ರವರಿಯಲ್ಲಿ ಮೊದಲ ನೋಟಿಸ್, ಜುಲೈನಲ್ಲಿ ಎರಡನೆಯದು. ಹೊಸ ಕಚೇರಿಯನ್ನು ಮಾರಿ ಅದರಲ್ಲೇ ಬಾಡಿಗೆಗೆ ಕೂತರು. 2021ರ ಏಪ್ರಿಲ್‌ನಲ್ಲಿ ಆ ಕೌನ್ಸಿಲನ್ನೇ ರದ್ದು ಮಾಡಿ ಎರಡು ಹೊಸ ಕೌನ್ಸಿಲ್ ಮಾಡಲಾಯಿತು. ತೆರಿಗೆ ಏರಿಸದಿರುವುದು ಒಳ್ಳೆಯ ಗುರಿ. ಆದರೆ ಖರ್ಚು ಇಳಿಸಿ ಅದನ್ನು ಗಳಿಸಬೇಕು. ಮೀಸಲಿನಿಂದ ತೆಗೆದು ಕೊಟ್ಟರೆ ಅದು ಮುಂದಿನ ವರ್ಷದ ತೆರಿಗೆ.

ಎರಡನೆಯ ಬಗೆ ಜೂಜು. ನಾಟಿಂಗ್‌ಹ್ಯಾಮ್ 2015ರಲ್ಲಿ ತನ್ನದೇ ಇಂಧನ ಕಂಪನಿ ಶುರು ಮಾಡಿ 2020ರಲ್ಲಿ ಮುಚ್ಚಿತು, ಕೋಟಿಗಟ್ಟಲೆ ಪೌಂಡ್ ಹೋಯಿತು. ಕ್ರಾಯ್ಡನ್ ಮನೆ ಕಟ್ಟುವ ಕಂಪನಿಗೆ ಸಾಲ ಕೊಟ್ಟು ಸಿಕ್ಕಿಬಿತ್ತು. ಈ ಎರಡೂ ಕಡೆ ಆಗ ಲೇಬರ್ ಆಡಳಿತ. ಕನ್ಸರ್ವೇಟಿವ್ ಆಡಳಿತದ ಥರ್ರಾಕ್ ಬೇರೆ ಕೌನ್ಸಿಲ್‌ಗಳಿಂದ ಅಲ್ಪಾವಧಿ ಸಾಲ ತೆಗೆದು ಸೌರ ವಿದ್ಯುತ್ ಬಾಂಡುಗಳಲ್ಲಿ ಹಾಕಿ 2022ರ ಡಿಸೆಂಬರ್‌ನಲ್ಲಿ ನೋಟಿಸ್ ಹೊರಡಿಸಿತು. ಇವರೆಲ್ಲ ಯಾಕೆ ಲಾಭವಿದೆ ಎಂದು ನಂಬಿದರು? ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ, ವೋಕಿಂಗ್‌ನ ಕಥೆಗೂ ಅದೇ ಬೀಗದಕೈ.

4 ಕೋಟಿ ಪೌಂಡ್ ಸಾಲ ಮಾಡಿ ಒಂದು ಕಚೇರಿ ಕಟ್ಟಡ ಕೊಂಡಿರಿ ಎನ್ನಿ. ಬಡ್ಡಿ ಶೇಕಡ 4, ವರ್ಷಕ್ಕೆ 16 ಲಕ್ಷ. ಬಾಡಿಗೆ ಶೇಕಡ 5.5ರಂತೆ 22 ಲಕ್ಷ. ಸಭೆಯ ಮುಂದೆ ‘ವರ್ಷಕ್ಕೆ 6 ಲಕ್ಷ ಲಾಭ’ ಎಂದು ತೋರಿಸಬಹುದು. ಆದರೆ ಅಸಲು ಯಾರು ತೀರಿಸುತ್ತಾರೆ? ಕಟ್ಟಡ 40 ವರ್ಷ ಬಾಳುತ್ತದೆ ಎಂದರೆ ಪ್ರತಿ ವರ್ಷ 10 ಲಕ್ಷವನ್ನು ಅಸಲಿಗೆಂದು ತೆಗೆದಿಡಬೇಕು. ನಿಯಮಗಳಲ್ಲಿ ಇದನ್ನು ಕನಿಷ್ಠ ವಾರ್ಷಿಕ ತೆಗೆದಿಡುವಿಕೆ ಎನ್ನುತ್ತಾರೆ. ಅದನ್ನು ಸೇರಿಸಿದರೆ 26 ಲಕ್ಷ ಖರ್ಚು, 22 ಲಕ್ಷ ಆದಾಯ, 4 ಲಕ್ಷ ನಷ್ಟ. ಒಬ್ಬ ಬಾಡಿಗೆದಾರ ಖಾಲಿ ಮಾಡಿದರೆ ನಷ್ಟ ಇನ್ನೂ ದೊಡ್ಡದು. ಕಟ್ಟಡದ ಬೆಲೆ ಇಳಿಯುವುದೇ ಇಲ್ಲ, ಬೇಕಾದಾಗ ಮಾರಿದರಾಯಿತು, ಹಾಗಾಗಿ ಅಸಲಿಗೆ ತೆಗೆದಿಡುವುದು ಬೇಡ ಎಂಬ ವಾದ ಅನೇಕ ಕೌನ್ಸಿಲ್‌ಗಳಲ್ಲಿ ನಡೆಯಿತು. ಬಾಡಿಗೆ ಲಾಭಕ್ಕಾಗಿ ಕಟ್ಟಡ ಕೊಳ್ಳುವವರಿಗೆ ಸರ್ಕಾರಿ ಸಾಲ ಮಂಡಳಿಯಿಂದ ಸಾಲವಿಲ್ಲ ಎಂದು ಖಜಾನೆ ನಿರ್ಧರಿಸಿದ್ದು 2020ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಊರು ಕೊಳ್ಳೆ ಹೋಗಿತ್ತು, ಆಮೇಲೆ ಕೋಟೆ ಬಾಗಿಲು ಹಾಕಿದರು.

ಬಾಗಿಲು ಕಾಯುವವರೂ ಇರಲಿಲ್ಲ. ಕೌನ್ಸಿಲ್‌ಗಳ ಲೆಕ್ಕ ನೋಡುತ್ತಿದ್ದ ಆಡಿಟ್ ಕಮಿಷನನ್ನು 2015ರಲ್ಲಿ ಮುಚ್ಚಲಾಯಿತು. ಮುಚ್ಚಿದ್ದು ನಮ್ಮ ಕಡೆಯ ಸರ್ಕಾರ, ಉಳಿತಾಯದ ಹೆಸರಿನಲ್ಲಿ. 2022–23ರ ಲೆಕ್ಕಪತ್ರಗಳಲ್ಲಿ ಗಡುವಿನೊಳಗೆ ಆಡಿಟ್ ಮುಗಿದದ್ದು ಶೇಕಡ 1ರಷ್ಟು ಸಂಸ್ಥೆಗಳದು ಮಾತ್ರ. ಖರ್ಚಿನ ಮೇಲೆ ಹಿಡಿತ ಬೇಕು ಎನ್ನುವವರು ಲೆಕ್ಕಪರಿಶೋಧಕನನ್ನೇ ಮನೆಗೆ ಕಳಿಸಬಾರದಿತ್ತು.

ಬರ್ಮಿಂಗ್‌ಹ್ಯಾಮ್‌ನದು ಮೂರನೆಯ ಬಗೆ: ಮುಂದೂಡಿದ ಬಾಕಿ. ಅಡುಗೆ, ಶುಚಿತ್ವ, ಆರೈಕೆಯ ಕೆಲಸದ ಮಹಿಳೆಯರಿಗೆ ಸಮಾನ ದರ್ಜೆಯ ಪುರುಷ ಕಾರ್ಮಿಕರಿಗಿಂತ ಕಡಿಮೆ ಕೊಡುತ್ತಿದ್ದರು. ಪುರುಷರಿಗೆ ಬೋನಸ್ ಇತ್ತು, ಮಹಿಳೆಯರಿಗಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಮಹಿಳೆಯರ ಪರ ತೀರ್ಪು ಕೊಟ್ಟಿತು. ಆ ಮಹಿಳೆಯರ ಹಕ್ಕು ನ್ಯಾಯವಾದದ್ದು, ಅದನ್ನು ದೂರುವುದು ತಪ್ಪು. ದೂರಬೇಕಾದ್ದು ತೀರ್ಪಿನ ನಂತರವೂ ಸಂಬಳದ ವ್ಯವಸ್ಥೆ ಸರಿಪಡಿಸದ ಆಡಳಿತವನ್ನು. 2023ರಲ್ಲಿ ಕೌನ್ಸಿಲ್ ಈ ಬಾಕಿಯ ಅಂದಾಜು 65ರಿಂದ 76 ಕೋಟಿ ಪೌಂಡ್ ಎಂದಿತು. ಜೊತೆಗೆ 2022ರಲ್ಲಿ ಹಾಕಿದ ಹೊಸ ಲೆಕ್ಕಪತ್ರ ಸಾಫ್ಟ್‌ವೇರ್ ಸರಿಯಾಗಿ ನಡೆಯಲಿಲ್ಲ. ಸುಮಾರು 2 ಕೋಟಿಯ ಅಂದಾಜು 10 ಕೋಟಿಯತ್ತ ಏರಿತು, ಲೆಕ್ಕವೇ ಸರಿಯಾಗಿ ಸಿಗದಾಯಿತು. 2023ರ ಸೆಪ್ಟೆಂಬರ್ 5ರಂದು ನೋಟಿಸ್ ಹೊರಟಿತು.

ಆಮೇಲಿನ ಕಸದ ಮುಷ್ಕರಕ್ಕೂ ಬೇರು ಇಲ್ಲೇ ಇದೆ. ಹಿಂದೊಮ್ಮೆ ಮುಷ್ಕರ ನಿಲ್ಲಿಸಲು ಲಾರಿ ಸಿಬ್ಬಂದಿಗೆ ಒಂದು ವಿಶೇಷ ಹುದ್ದೆ ಉಳಿಸಿಕೊಟ್ಟರು. ಅದೇ ಹುದ್ದೆ ಹೊಸ ಸಮಾನ ವೇತನ ದಾವೆಗೆ ದಾರಿ ಮಾಡುತ್ತದೆ ಎಂದು ಈಗ ತೆಗೆಯಹೊರಟಾಗ, 2025ರ ಮಾರ್ಚ್ 11ರಿಂದ ಪೂರ್ಣ ಮುಷ್ಕರ. ತಿಂಗಳ ಕೊನೆಗೆ ಬೀದಿಗಳಲ್ಲಿ 17,000 ಟನ್ ಕಸ ಬಿದ್ದಿತ್ತು, ಕೌನ್ಸಿಲ್ ತುರ್ತುಸ್ಥಿತಿ ಘೋಷಿಸಿತು. ಇಂದಿನ ಜಗಳ ತಪ್ಪಿಸಲು ಕೊಟ್ಟದ್ದನ್ನು ನಾಳೆ ವಾಪಸ್ ಪಡೆಯುವುದು ಹತ್ತು ಪಟ್ಟು ಕಷ್ಟ.

ಇನ್ನು ಕಡಿತದ ಕೆಲಸ. ಇಲ್ಲಿ ಆತುರಗಾರರು ಎಡವುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಕೋರ್ಟು. ಸೇವೆ ಮುಚ್ಚುವ ಮುನ್ನ ಸಾಮಾನ್ಯವಾಗಿ ಜನರ ಅಭಿಪ್ರಾಯ ಕೇಳಬೇಕು. ನಿರ್ಧಾರ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು, ಕಾರಣಗಳನ್ನೂ ಬಿಟ್ಟುಕೊಟ್ಟ ಆಯ್ಕೆಗಳನ್ನೂ ತಿಳಿಸಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ಓದಬೇಕು. 2010ರ ಸಮಾನತೆ ಕಾಯ್ದೆಯ ಪ್ರಕಾರ ಅಂಗವಿಕಲರು, ವೃದ್ಧರ ಮೇಲಿನ ಪರಿಣಾಮವನ್ನು ಮೊದಲೇ ಪರಿಶೀಲಿಸಿರಬೇಕು. ನಾರ್ಥಾಂಪ್ಟನ್‌ಶೈರ್ 21 ಗ್ರಂಥಾಲಯಗಳನ್ನು ಕೈಬಿಡಲು ಹೊರಟಾಗ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಣವೂ ಉಳಿಯಲಿಲ್ಲ, ವಕೀಲರ ಖರ್ಚು ಬೇರೆ. ಸರಿಯಾದ ವಿಧಾನ ನಿಧಾನದ್ದೆಂದು ಬೈಯುವವರು ಈ ಪ್ರಕರಣ ಓದಬೇಕು.

ಎರಡನೆಯದು ನೌಕರರ ಕಡಿತದ ನಿಜವಾದ ಬೆಲೆ. 90 ದಿನದೊಳಗೆ ನೂರು ಅಥವಾ ಅದಕ್ಕೂ ಹೆಚ್ಚು ಮಂದಿಯನ್ನು ತೆಗೆಯುವುದಾದರೆ ಕನಿಷ್ಠ 45 ದಿನ ಮೊದಲೇ ಸಮಾಲೋಚನೆ ಶುರುವಾಗಬೇಕು. ಅದರ ಮೇಲೆ ನೋಟಿಸ್ ಅವಧಿ. ಫೆಬ್ರವರಿಯ ಬಜೆಟ್ಟಿನಲ್ಲಿ ಒಪ್ಪಿದ ಕಡಿತ ಸೆಪ್ಟೆಂಬರ್‌ನಲ್ಲಿ ಜಾರಿಯಾದರೆ ಆ ವರ್ಷ ಕೈಗೆ ಸಿಗುವುದು ಅರ್ಧ. ಆದರೂ ಪೂರ್ತಿ ಮೊತ್ತವನ್ನೇ ಬಜೆಟ್ಟಿನಲ್ಲಿ ಬರೆದಿರುತ್ತಾರೆ. 55 ದಾಟಿದ ನೌಕರ ಕೆಲಸ ಕಳೆದುಕೊಂಡರೆ ಪೂರ್ಣ ಪಿಂಚಣಿ ಅಂದಿನಿಂದಲೇ ಶುರು, ಅದರ ಹೊರೆಯನ್ನು ಪಿಂಚಣಿ ನಿಧಿಗೆ ಕೌನ್ಸಿಲ್ ಭರಿಸಬೇಕು. ಅನುಭವಿಗಳು ಹೋದ ಮೇಲೆ ಅದೇ ಕೆಲಸಕ್ಕೆ ಏಜೆನ್ಸಿಯಿಂದ ಹೆಚ್ಚು ದರಕ್ಕೆ ಜನ ಬರುತ್ತಾರೆ. ಆರು ತಿಂಗಳಿಂದ ಖಾಲಿ ಬಿದ್ದ ಹುದ್ದೆಗಳನ್ನು ಮೊದಲು ಶಾಶ್ವತವಾಗಿ ಅಳಿಸುವುದು ಇದಕ್ಕಿಂತ ಸುಲಭ.

2025ರ ಮೇ ಚುನಾವಣೆಯಲ್ಲಿ ರಿಫಾರ್ಮ್ ಯುಕೆ ಪಕ್ಷ 10 ಕೌನ್ಸಿಲ್‌ಗಳನ್ನು ಗೆದ್ದು, ಅಮೆರಿಕದ ಮಾದರಿಯಲ್ಲಿ ದುಂದು ಹುಡುಕುವ ತಂಡವನ್ನು ಮೊದಲು ಕೆಂಟ್ ಕೌಂಟಿಗೆ ಕಳಿಸಿತು. ದುಂದು ಹುಡುಕುವ ಉತ್ಸಾಹ ನನಗೆ ಇಷ್ಟ. ಆದರೆ ಹುದ್ದೆಗಳ ಹೆಸರು, ಧ್ವಜ, ಪ್ರಯಾಣ ವೆಚ್ಚದ ಪಟ್ಟಿ ಹಿಡಿದು ಕೂತರೆ ಹೆಚ್ಚೆಂದರೆ ಕೆಲವು ಲಕ್ಷ ಸಿಗುತ್ತದೆ. ಹಣವಿರುವುದು ಆರೈಕೆಯ ಆ 68ರಲ್ಲಿ. ಕೈ ಹಾಕಬೇಕಾದ್ದೂ ಅಲ್ಲೇ, ಆದರೆ ಮೆತ್ತಗೆ, ಒಂದೊಂದೇ ಪ್ರಕರಣ ನೋಡಿ.

ಮಕ್ಕಳ ವಸತಿ ಆರೈಕೆಯನ್ನು ತೆಗೆದುಕೊಳ್ಳಿ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ 2025ರ ವರದಿಯಂತೆ ಒಂದು ಮಗುವಿಗೆ ವರ್ಷಕ್ಕೆ ಸರಾಸರಿ 3 ಲಕ್ಷ ಪೌಂಡಿಗೂ ಹೆಚ್ಚು, ಎಂದರೆ ವಾರಕ್ಕೆ ಸುಮಾರು 6,000. ಬಹುಪಾಲು ಮನೆಗಳು ಖಾಸಗಿಯವರವು. ಜಾಗ ಕಡಿಮೆ, ಕೇಳುವ ಕೌನ್ಸಿಲ್‌ಗಳು ಹೆಚ್ಚು, ಶುಕ್ರವಾರ ಸಂಜೆ ತುರ್ತಾಗಿ ಜಾಗ ಬೇಕಾದಾಗ ಹೇಳಿದ್ದೇ ದರ. ಸಾಕು ಕುಟುಂಬದಲ್ಲಿ ವಾರಕ್ಕೆ 1,000 ಪೌಂಡ್ ಆಗುತ್ತದೆ ಎಂದಿಟ್ಟರೂ, ಹೊಂದುವ ಒಂದೇ ಒಂದು ಮಗು ಅಲ್ಲಿಗೆ ಹೋದರೆ ವರ್ಷಕ್ಕೆ 2.6 ಲಕ್ಷ ಉಳಿತಾಯ. ಅನೇಕ ಮಕ್ಕಳಿಗೆ ಕುಟುಂಬವೇ ಮೇಲು ಕೂಡ. ಹಾಗಾಗಿ ಸಾಕು ಪೋಷಕರಿಗೆ ಭತ್ಯೆ ಏರಿಸುವುದು, ಅವರ ಮನೆಗೆ ಒಂದು ಕೋಣೆ ಸೇರಿಸಲು ಸಹಾಯ ಮಾಡುವುದು ಖರ್ಚು ಹೆಚ್ಚಿಸಿದಂತೆ ಕಂಡರೂ ನಿಜವಾದ ಕಡಿತ. ಎಲ್ಲ ಮಕ್ಕಳಿಗೂ ಇದು ಹೊಂದದು. ಬಲವಂತ ಮಾಡಿದರೆ ಆ ಮನೆ ಮುರಿದು, ಮಗು ಮೊದಲಿಗಿಂತ ದುಬಾರಿ ಜಾಗಕ್ಕೆ ಮರಳುತ್ತದೆ.

ಶಾಲಾ ಸಾರಿಗೆ ಇನ್ನೊಂದು. ಎಂಟು ವರ್ಷದೊಳಗಿನವರಿಗೆ 2 ಮೈಲಿ, ದೊಡ್ಡವರಿಗೆ 3 ಮೈಲಿ ದಾಟಿದರೆ ಉಚಿತ ಸಾರಿಗೆ ಕೌನ್ಸಿಲ್‌ನ ಕರ್ತವ್ಯ. ನಡೆಯಲಾಗದ ವಿಶೇಷ ಅಗತ್ಯದ ಮಕ್ಕಳಿಗೆ ದೂರದ ಲೆಕ್ಕವಿಲ್ಲ. ಒಂದು ಮಗು, ಒಂದು ಟ್ಯಾಕ್ಸಿ, ಒಬ್ಬ ಸಹಾಯಕ: ಖರ್ಚು ಬೆಳೆಯುವುದು ಹೀಗೆ. ಒಪ್ಪುವ ಪೋಷಕರಿಗೆ ಮೈಲಿ ಲೆಕ್ಕದಲ್ಲಿ ನೇರ ಹಣ ಕೊಡುವುದು, ಆಗುವ ಮಕ್ಕಳಿಗೆ ಮನೆಬಾಗಿಲ ಬದಲು ಒಂದೇ ಕಡೆ ಹತ್ತುವ ಜಾಗ ಗೊತ್ತು ಮಾಡುವುದು, ದೊಡ್ಡ ಮಕ್ಕಳಿಗೆ ಬಸ್ಸಿನಲ್ಲಿ ಓಡಾಡುವುದನ್ನು ಕಲಿಸುವುದು, ಪ್ರತಿ ಸೆಪ್ಟೆಂಬರ್‌ಗೆ ಮುನ್ನ ಎಲ್ಲ ಮಾರ್ಗಗಳನ್ನು ಹೊಸದಾಗಿ ಜೋಡಿಸುವುದು. ಇಷ್ಟು ಮಾಡಿದವರಿಗೆ ಫಲ ಸಿಗುತ್ತದೆ. ಕೊನೆಯದನ್ನು ಆಗಸ್ಟ್‌ನಲ್ಲಿ ಶುರು ಮಾಡಿದರೆ ಕೆಡುತ್ತದೆ. ಪೋಷಕರಿಗೆ ಹೊಸ ಮಾರ್ಗ ತಿಳಿಯುವಷ್ಟರಲ್ಲಿ ಶಾಲೆ ತೆರೆದಿರುತ್ತದೆ, ತುರ್ತು ಟ್ಯಾಕ್ಸಿಗಳಲ್ಲಿ ಉಳಿತಾಯವೆಲ್ಲ ಹೋಗುತ್ತದೆ.

ವಿಶೇಷ ಅಗತ್ಯದ ಮಕ್ಕಳ ಶಿಕ್ಷಣದ ಕೊರತೆಯಂತೂ ಲೆಕ್ಕಪುಸ್ತಕದ ಹೊರಗೇ ಇದೆ. ಆ ಕೊರತೆಯನ್ನು ಕೌನ್ಸಿಲ್‌ನ ಮುಖ್ಯ ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಡಲು ಸರ್ಕಾರ ವಿನಾಯಿತಿ ಕೊಟ್ಟು, ಅದನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿತು. ಪಕ್ಕಕ್ಕಿಟ್ಟ ಸಾಲಕ್ಕೂ ಬಡ್ಡಿ ಓಡುತ್ತದೆ.

ಪ್ರಚಾರಕರು ಮಾಡಬಹುದಾದದ್ದು ಬಹಳವಿದೆ, ದೊಡ್ಡ ಗಂಟಲೂ ಬೇಕಿಲ್ಲ. ಫೆಬ್ರವರಿಯಲ್ಲಿ ಬಜೆಟ್ ಕಡತ ಹೊರಬಂದಾಗ ಭಾಷಣದ ಪುಟಗಳನ್ನು ಬಿಟ್ಟು ಅನುಬಂಧಗಳಿಗೆ ಹೋಗಿ. ಉಳಿತಾಯದ ಪಟ್ಟಿಯ ಪ್ರತಿ ಸಾಲಿಗೂ ಇದು ಪ್ರತಿ ವರ್ಷ ಬರುವುದೋ ಒಂದೇ ಸಲದ್ದೋ ಎಂದು ಕೇಳಿ. ಕಳೆದ ವರ್ಷದ ಪಟ್ಟಿಯಲ್ಲಿ ಎಷ್ಟು ಈಡೇರಿತು ಎಂದು ಕೇಳಿ. ಮೀಸಲು ನಿಧಿಯಲ್ಲಿ ಯಾವ ಉದ್ದೇಶಕ್ಕೂ ಕಟ್ಟಿಹಾಕದ ಭಾಗ ನಿವ್ವಳ ಬಜೆಟ್ಟಿನ ಶೇಕಡ 5ಕ್ಕಿಂತ ಕೆಳಗಿದ್ದರೆ ಎಚ್ಚರ. ಸಾಲ ನಿರ್ವಹಣೆಯ ವರದಿಯಲ್ಲಿ ನಿವ್ವಳ ಆದಾಯದ ಎಷ್ಟು ಪಾಲು ಸಾಲಕ್ಕೆ ಹೋಗುತ್ತದೆ ಎಂಬ ಅಂಕಿ ಇರುತ್ತದೆ. ಅದು ಮೂರು ವರ್ಷದಿಂದ ಏರುತ್ತಿದ್ದರೆ ಉಳಿದದ್ದೆಲ್ಲ ಅಲಂಕಾರ. ವಿರೋಧ ಪಕ್ಷದ ಸದಸ್ಯರು ಪರ್ಯಾಯ ಬಜೆಟ್ ತರುವುದಾದರೆ ಹಣಕಾಸು ಅಧಿಕಾರಿಯಿಂದ ಅದರ ಲೆಕ್ಕವನ್ನು ಮೊದಲೇ ಪರಿಶೀಲಿಸಿಕೊಳ್ಳಲಿ. ಸಭೆಯ ಹಿಂದಿನ ರಾತ್ರಿ ಬರೆದ ತಿದ್ದುಪಡಿ ನಿಲ್ಲುವುದಿಲ್ಲ.

500 ಪೌಂಡ್ ಮೀರಿದ ಪ್ರತಿ ಪಾವತಿಯನ್ನು ಕೌನ್ಸಿಲ್ ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು, 5,000 ಮೀರಿದ ಗುತ್ತಿಗೆಗಳನ್ನೂ. ವರ್ಷದ ಲೆಕ್ಕಪತ್ರದ ಕರಡು ಹೊರಬಂದ ಮೇಲೆ 30 ಕೆಲಸದ ದಿನ ಅದಕ್ಕೆ ಸಂಬಂಧಿಸಿದ ಬಿಲ್ಲು, ಗುತ್ತಿಗೆ, ರಸೀದಿಗಳನ್ನು ಊರಿನವರು ತೆರೆದು ನೋಡಬಹುದು, ಪ್ರತಿ ಪಡೆಯಬಹುದು. 2014ರ ಸ್ಥಳೀಯ ಲೆಕ್ಕಪರಿಶೋಧನೆ ಕಾಯ್ದೆಯ ಈ ಹಕ್ಕನ್ನು ಬಳಸುವವರು ತೀರ ಕಡಿಮೆ. ಸ್ಥಳೀಯ ಮತದಾರರಾಗಿದ್ದರೆ ಆಡಿಟರ್‌ಗೆ ಆಕ್ಷೇಪಣೆಯನ್ನೂ ಕೊಡಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 20 ಕೆಲಸದ ದಿನದೊಳಗೆ ಉತ್ತರ ಬರಬೇಕು. ಆದರೆ ಗುತ್ತಿಗೆಯ ಪತ್ರಗಳಿಗೆ ಆ 30 ದಿನಗಳ ಕಿಟಕಿಯೇ ಹೆಚ್ಚು ಅಗಲ.

ಭಾರತೀಯ ಪಾಸ್‌ಪೋರ್ಟ್ ಇರುವ ಕನ್ನಡಿಗರಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿ: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾದ ಮೇಲೆ ಅಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತೀಯ ನಾಗರಿಕರು ಮತದಾರರ ಪಟ್ಟಿಗೆ ಸೇರಿ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಹೆಸರು ನೋಂದಾಯಿಸಬೇಕು. ಮತಗಟ್ಟೆಯಲ್ಲಿ ಕೇಳುವ ಗುರುತಿಗೆ ಭಾರತೀಯ ಪಾಸ್‌ಪೋರ್ಟ್ ಸಾಕು. ತೆರಿಗೆ ಕಟ್ಟುವವರು ಕೇಳುವ ಹಕ್ಕನ್ನೂ ಬಳಸಲಿ.

ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪುತ್ಥಳಿ ಇರುವುದು ಲ್ಯಾಂಬೆತ್‌ನಲ್ಲಿ. ಅದೇ ಲ್ಯಾಂಬೆತ್‌ನ 32 ಸದಸ್ಯರು ಮತ್ತು ಲಿವರ್‌ಪೂಲ್‌ನ 47 ಸದಸ್ಯರು 1985ರಲ್ಲಿ ಸರ್ಕಾರದ ಮಿತಿ ವಿರೋಧಿಸಿ ಸಮಯಕ್ಕೆ ತೆರಿಗೆ ನಿಗದಿ ಮಾಡಲಿಲ್ಲ. ಕೌನ್ಸಿಲ್‌ಗಾದ ನಷ್ಟವನ್ನು ಅವರ ಸ್ವಂತ ಜೇಬಿನಿಂದ ವಸೂಲಿ ಮಾಡಲು ಆದೇಶವಾಯಿತು, ಸದಸ್ಯತ್ವವೂ ಹೋಯಿತು. ವೆಸ್ಟ್‌ಮಿನ್‌ಸ್ಟರ್‌ನ ಕನ್ಸರ್ವೇಟಿವ್ ನಾಯಕಿ ಶರ್ಲಿ ಪೋರ್ಟರ್ ಮೇಲೂ ಅದೇ ಅಸ್ತ್ರ ಬಿತ್ತು, 2004ರಲ್ಲಿ 1.23 ಕೋಟಿ ಪೌಂಡ್ ಕಟ್ಟಿ ಮುಗಿಸಿದರು. ಅಷ್ಟರಲ್ಲಿ 2000ದ ಕಾಯ್ದೆ ಇಂಥ ದಂಡದ ಪದ್ಧತಿಯನ್ನೇ ಮುಂದಕ್ಕೆ ರದ್ದು ಮಾಡಿತ್ತು. ಪ್ರಾಮಾಣಿಕ ತಪ್ಪಿಗೆ ಮನೆ ಮಾರಿಸಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಹಣಕಾಸು ಅಧಿಕಾರಿಯ ಲಿಖಿತ ಎಚ್ಚರಿಕೆಯನ್ನು ಬದಿಗೊತ್ತಿ ಸಾಲಕ್ಕೆ ಕೈ ಎತ್ತಿದವರು ಮತ್ತೆ ಚುನಾವಣೆಗೆ ನಿಲ್ಲದಂತೆ ಮಾಡುವ ಕಾನೂನು ಬೇಕು.

ಸರ್ರೆಯಲ್ಲಿ ಈಗಿನ 12 ಕೌನ್ಸಿಲ್‌ಗಳನ್ನು ಅಳಿಸಿ ಪೂರ್ವ, ಪಶ್ಚಿಮ ಎಂದು ಎರಡು ಮಾಡಲು ತೀರ್ಮಾನವಾಗಿದೆ. ಹೊಸ ಕೌನ್ಸಿಲ್‌ಗಳು ಅಧಿಕಾರ ವಹಿಸಿಕೊಳ್ಳಬೇಕಾದ್ದು 2027ರ ಏಪ್ರಿಲ್‌ನಲ್ಲಿ. ಪಶ್ಚಿಮ ಸರ್ರೆಯ ಪಾಲಿಗೆ ವೋಕಿಂಗ್ ಮಾತ್ರವಲ್ಲ, ಕಚೇರಿ ಕಟ್ಟಡಗಳನ್ನು ಕೊಂಡು 100 ಕೋಟಿ ಪೌಂಡ್ ದಾಟಿದ ಸಾಲ ಮಾಡಿಕೊಂಡ ಸ್ಪೆಲ್‌ಥಾರ್ನ್ ಕೂಡ ಬರುತ್ತದೆ. ಕೇಂದ್ರ ಕೊಡುವ 50 ಕೋಟಿ ಕಳೆದ ಮೇಲೂ ಉಳಿಯುವ ಸಾಲದ ಕಂತು, ಆ ಗೋಪುರಗಳಿಗೆ ಎಂದೂ ಮತ ಹಾಕದ ಗಿಲ್‌ಫರ್ಡ್ ಮತ್ತು ವೇವರ್ಲಿಯ ಮನೆಗಳ ಬಿಲ್ಲಿಗೂ ಸೇರುವ ಅಪಾಯವಿದೆ. ಹೊಸ ಕೌನ್ಸಿಲ್‌ನ ಮೊದಲ ಬಜೆಟ್ ಕಡತ ಬಂದಾಗ ಅಲ್ಲಿನವರು ಮೊದಲು ತೆರೆಯಬೇಕಾದ್ದು ಆ ಸಾಲದ ಅನುಬಂಧ.